ಹುಸೇನಪ್ಪ ತಡೆದ ಬಿಲ್ಲು

ತಪ್ಪು ಬಿಲ್ಲಿನ ಮುಂದೆ ಹುಸೇನಪ್ಪ ಕೂಡುವುದಿಲ್ಲ. ಅಂಕಿಯೊಂದು ಅಡ್ಡದಾರಿ ಹಿಡಿದದ್ದು ಕಣ್ಣಿಗೆ ಬಿದ್ದ ಕ್ಷಣವೇ ಆತ ಕುರ್ಚಿ ಬಿಟ್ಟು ಏಳುತ್ತಾನೆ, ಕನ್ನಡಕವನ್ನು ಹಣೆಗೇರಿಸುತ್ತಾನೆ, ಕಾಗದವನ್ನು ತೋಳಿನಳತೆ ದೂರ ಹಿಡಿದು ಬಯ್ಯತೊಡಗುತ್ತಾನೆ. ಬಯ್ಯುವುದು ಬರೆದವರನ್ನಲ್ಲ, ಕಾಗದವನ್ನು. "ನಾಚಿಕಿ ಬರಂಗಿಲ್ಲೇನು ನಿನಗ? ಇಷ್ಟು ಸುಳ್ಳು ಹೊತ್ಕೊಂಡು ಯಾರ ಮನಿಗೆ ಹೊಂಟಿದ್ದಿ?" ರಾಯಚೂರಿನ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಬದಿಯಲ್ಲಿ ಗೋಣಿಚೀಲ, ಮಳೆಗೆ ಹೊದಿಸುವ ತಾಡಪತ್ರಿ, ಸುತಳಿಯ ಸಗಟು ಅಂಗಡಿ ನನ್ನದು. ಅಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಬಿಲ್ಲು ನೋಡುವ ಕೆಲಸ ಈತನದು. ಕೂತದ್ದಕ್ಕಿಂತ ಎದ್ದು ನಿಂತದ್ದಕ್ಕೇ ಹೆಚ್ಚು ಸಂಬಳ ಕೊಟ್ಟಿದ್ದೇನೆಂದು ನನ್ನ ಅಂದಾಜು.

ನಡಿಗೆ ಇನ್ನೊಂದು ಸೋಜಿಗ. ಚೀಲದ ಒಟ್ಟಿಲುಗಳ ಇಕ್ಕಟ್ಟಿನಲ್ಲಿ ಆಯುಷ್ಯ ಸವೆಸಿದ ಮನುಷ್ಯ ಎಡಭುಜ ಮುಂದೆ ಮಾಡಿ ಓರೆಯಾಗಿ ನುಸುಳುವುದನ್ನೇ ನಡಿಗೆ ಎಂದು ತಿಳಿದಿದ್ದಾನೆ. ಸ್ಟೇಷನ್ ರಸ್ತೆ ಖಾಲಿ ಬಿದ್ದಿದ್ದರೂ ಅದೇ ಓರೆ. ಎದುರಿಗೆ ಬರುವ ಆಟೋದವರು ಈತ ಎತ್ತ ಹೊರಟಿದ್ದಾನೆಂದು ತಿಳಿಯದೆ ಬ್ರೇಕು ಒತ್ತುತ್ತಾರೆ. ಡಾಂಬರು ಚಪ್ಪಲಿಗೆ ಅಂಟುವ ಮೇ ತಿಂಗಳಲ್ಲೂ ಮೈಮೇಲೆ ಬೂದಿಬಣ್ಣದ ಕೋಟು. ಅದಕ್ಕೆ ಆರು ಕಿಸೆ, ಆರರಲ್ಲೂ ಚೀಟಿಗಳು. ಗಾಡಿಗೆ ಮಾಲು ಏರುವಾಗ ಬಾಗಿಲಲ್ಲಿ ನಿಂತು ತಾನೇ ಎಣಿಸಿ ಬರೆದ ಚೀಟಿಗಳ ನಕಲು ಅವು. "ಬ್ಯಾಸಗಿಯೊಳಗ ಕೋಟು ಯಾಕೋ ಮಾರಾಯಾ?" ಎಂದು ಒಮ್ಮೆ ಕೇಳಿದ್ದೆ. "ಕೋಟು ನನಗಲ್ರೀ ಸಾವ್ಕಾರ್ರ, ಚೀಟಿಗೆ" ಎಂದ. ನಗದೆಯೇ ಹೇಳಿದ, ಆತ ತಮಾಷೆ ಮಾಡಿದ್ದನ್ನು ನಾನು ಕಂಡಿಲ್ಲ.

ಹೋದ ವರ್ಷ ಮುಂಗಾರಿನ ಹೊಸ್ತಿಲಲ್ಲಿ ದೇವದುರ್ಗ ತಾಲೂಕಿನ ಮಸರಕಲ್‌ನಿಂದ ರೇಣುಕಮ್ಮ ಫೋನು ಮಾಡಿದಳು. ಊರ ನಡುವೆ ಸಣ್ಣ ಅಂಗಡಿಯಿಟ್ಟುಕೊಂಡು, ನಮ್ಮಿಂದ ವರ್ಷಕ್ಕೆ ನಾಲ್ಕಾರು ಸಲ ಮಾಲು ತರಿಸುವ ಹೆಂಗಸು. ಹುಸೇನಪ್ಪನ ಕಣ್ಣಿಗೆ ಬೀಳದೆ ಕಂಪ್ಯೂಟರಿನಿಂದ ನೇರ ಅವಳ ಮೊಬೈಲಿಗೆ ಹೋದ ಬಿಲ್ಲಿನಲ್ಲಿ ಅರವತ್ತು ತಾಡಪತ್ರಿ. "ಆರ ಬಂದಾವ ಯಪ್ಪಾ. ಅರವತ್ತು ತಗೊಂಡು ನಾನೇನು ಇಡೀ ಮಸರಕಲ್‌ಗೆ ಮಾಡು ಹೊದಿಸಲೇನು?"

ಕಂಪ್ಯೂಟರಿನಿಂದ ಹೊರಬಿದ್ದ ಬಿಲ್ಲು ಸುಳ್ಳಾಡುವುದೆಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಮಾಲು ಒಯ್ದ ಟೆಂಪೋ ಡ್ರೈವರ್ ರೇವಣಸಿದ್ದ. ಐವತ್ತನಾಲ್ಕು ತಾಡಪತ್ರಿ ದಾರಿಯಲ್ಲಿ ಇಳಿದಿವೆ ಎಂದುಕೊಂಡೆ. ಯಾವ ಹಳ್ಳಿಯ ಯಾವ ಅಂಗಡಿಯಲ್ಲಿ ಇಳಿದಿರಬಹುದೆಂಬುದನ್ನೂ ಮನಸ್ಸಿನಲ್ಲೇ ಗೊತ್ತುಮಾಡಿದೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಅವನನ್ನು ಕೂರಿಸಿ, ಗಾಡಿಯ ಕೀಲಿ ಕಸಿದಿಟ್ಟುಕೊಂಡೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ, ಬಂದುಹೋಗುವ ಗಿರಾಕಿಗಳೆಲ್ಲ ನೋಡುವಂತೆ, ಹನ್ನೆರಡು ವರ್ಷ ನನ್ನ ಮಾಲು ಹೊತ್ತ ಮನುಷ್ಯ ನೆಲ ನೋಡುತ್ತ ಕೂತಿದ್ದ. ಅವನಿಗೆ ಚಹಾ ಕೊಡಬೇಕೆಂದು ಕೂಡ ಯಾರಿಗೂ ತೋಚಲಿಲ್ಲ.

ಬ್ಯಾಂಕಿಗೆ ಹೋಗಿದ್ದ ಹುಸೇನಪ್ಪ ಮೂರಕ್ಕೆ ಬಂದ. ನಡೆದದ್ದು ಕೇಳಿ, ಮೂರನೇ ಕಿಸೆಯಿಂದ ಚೀಟಿ ತೆಗೆದ. ಆರು. ಗೋದಾಮಿಗೆ ನುಸುಳಿ, ಎಣಿಸಿ ಬಂದ. ಉಳಿದ ಐವತ್ತನಾಲ್ಕೂ ಇದ್ದಲ್ಲೇ ಇದ್ದವು. ಕಂಪ್ಯೂಟರಿನಲ್ಲಿ ಬಿಲ್ಲು ಮಾಡುವ ಮಲ್ಲೇಶ್ವರಿಯ ಬೆರಳು ಸೊನ್ನೆಯೊಂದನ್ನು ಹೆಚ್ಚಿಗೆ ಒತ್ತಿತ್ತು, ಅಷ್ಟೇ.

"ಆತು ಬಿಡು, ಉಂಡು ಹೋಗು" ಎಂದು ನಾನು ರೇವಣಸಿದ್ದನಿಗೆ ಕೀಲಿ ಚಾಚಿದೆ.

ಹುಸೇನಪ್ಪ ಅಡ್ಡ ಬಂದ. "ಊಟ ಆಮ್ಯಾಲ್ರೀ. ಐದು ತಾಸು ಕಳ್ಳನ ಮಾಡಿ ಕುಂದ್ರಿಸೀರಿ. ತಪ್ಪು ನಮ್ಮದ ಅಂತ ಹೇಳ್ರಿ, ಅಷ್ಟೂ ಮಂದಿ ಮುಂದ ಹೇಳ್ರಿ." ಕಾಗದಕ್ಕೆ ಮೀಸಲಾಗಿದ್ದ ಆ ದನಿ ಮನುಷ್ಯನೊಬ್ಬನ ಮೇಲೆ ಏರಿದ್ದು ಅದೇ ಮೊದಲು, ಆ ಮನುಷ್ಯ ನಾನು. ಹೇಳಿದೆ. ಹೇಗೆ ಹೇಳಿದೆನೆಂಬುದು ಇಲ್ಲಿ ಬೇಡ.

ಮರುದಿನದಿಂದ ಆತನದು ಒಂದೇ ಹಟ: ಬಿಲ್ಲು ಹೊಸ್ತಿಲು ದಾಟುವ ಮೊದಲು ಯಂತ್ರವೇ ಅದನ್ನು ತಡೆದು ನೋಡಬೇಕು. "ನನಗ ಅರವತ್ತಾಗಾಕ ಬಂತು. ನಾನು ಬ್ಯಾಂಕಿಗೆ ಹೋದಾಗೊಮ್ಮೆ ಒಬ್ಬಾಂವ ಬೆಂಚ್ ಮ್ಯಾಲೆ ಕುಂದ್ರಬೇಕೇನು?" ಬಿಲ್ಲಿನ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ ಸುಭಾಷ್‌ನನ್ನು ಕರೆಸಿದೆವು. ಬುದ್ಧಿವಂತ, ಪ್ರತಿ ಮಾತಿಗೂ "ಆಗ್ತದ, ಖರ್ಚು ಬರ್ತದ" ಎನ್ನುವವನು. ಒಂಬತ್ತು ದಿನ ಹುಸೇನಪ್ಪ ಅವನ ಪಕ್ಕ ಕೂತು, ಇಪ್ಪತ್ತೊಂಬತ್ತು ವರ್ಷ ಕೂಡಿಹಾಕಿದ್ದ ಸಂಶಯಗಳನ್ನು ಒಂದೊಂದಾಗಿ ಯಂತ್ರಕ್ಕೆ ಕಲಿಸಿದ. ಯಾವುದೇ ಅಂಗಡಿಗೆ ಅದರ ವಾಡಿಕೆಯ ಮೂರು ಪಟ್ಟು ಮಾಲು ಬಿದ್ದರೆ ನಿಲ್ಲು. ಹೊಸ ಚೀಲಕ್ಕೆ ಹಳೆಯದರ ದರ ಬಿದ್ದರೆ ನಿಲ್ಲು. ಗಾಡಿಗೆ ಏರಿದ ಎಣಿಕೆಯ ಚೀಟಿಗೂ ಬಿಲ್ಲಿಗೂ ಒಂದೇ ಒಂದು ಅಂತರ ಬಂದರೂ ನಿಲ್ಲು. ನಿಲ್ಲು ಎಂದರೆ ಪರದೆ ಕೆಂಪಾಗಬೇಕು, ಬಿಲ್ಲು ಹೊರಬೀಳಬಾರದು. "ಅಜ್ಜಾ, ಇಷ್ಟು ಸಂಶೆ ಪಟ್ರ ಯಂತ್ರಕ್ಕ ಹುಚ್ಚು ಹಿಡೀತದ" ಎಂದ ಸುಭಾಷ್. "ನನಗ ಹಿಡದದೇನು?" ಎಂದ ಹುಸೇನಪ್ಪ. ಮಲ್ಲೇಶ್ವರಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

ಮೊದಲ ಸೋಮವಾರವೇ ಪರದೆ ಹನ್ನೊಂದು ಸಲ ಕೆಂಪಾಯಿತು. ಹತ್ತು ಶುದ್ಧ ತಪ್ಪುಗಳು. ನಾನೇ ಹುಸೇನಪ್ಪನ ಬೆನ್ನು ತಟ್ಟಿದೆ. ಹನ್ನೊಂದನೆಯದು ಮಾನ್ವಿಯ ಪಂಪಾಪತಿಯ ರೈಸ್‌ಮಿಲ್ಲಿಗೆ ಹೊರಟ ಹಳೆಯ ಚೀಲ. ಬಿಲ್ಲಿನಲ್ಲಿ ಐದು ಸಾವಿರ, ಲಾರಿಯಲ್ಲಿ ಐದು ಸಾವಿರದ ನೂರು.

ಇದು ತಪ್ಪಲ್ಲ, ಪದ್ಧತಿ. ಹಳೆಯ ಚೀಲದಲ್ಲಿ ಹರಕು ಇದ್ದದ್ದೇ. ಅದಕ್ಕೆಂದು ನೂರಕ್ಕೆ ಎರಡು ಹೆಚ್ಚು ಕೊಡುವುದು ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು. ಬಿಲ್ಲಿನಲ್ಲಿ ಬರೆಯುವಂಥದ್ದಲ್ಲ, ಲೋಡು ಮಾಡಿಸುವಾಗ ಕಣ್ಣು ಮಿಟುಕಿಸಿ ಏರಿಸುವಂಥದ್ದು. ಎಣಿಸುವ ಹುಸೇನಪ್ಪ ನಾನು ಸನ್ನೆ ಮಾಡಿದಲ್ಲಿ ನೂರಕ್ಕೆ ಆ ಎರಡನ್ನೂ ಚೀಟಿಗೆ ಹಾಕುತ್ತಿದ್ದ, ಯಾರಿಗೆ ಸನ್ನೆ ಮಾಡುತ್ತೇನೆ, ಯಾರಿಗಿಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ. ಆ ದಿನ ಪಂಪಾಪತಿಯ ಲಾರಿಯ ಹಿಂದೆಯೇ ರೇವಣಸಿದ್ದನ ಟೆಂಪೋ ನಿಂತಿತ್ತು, ರೇಣುಕಮ್ಮನ ಮುನ್ನೂರು ಹಳೆಯ ಚೀಲ ಹೊತ್ತು. ಬಿಲ್ಲಿನಲ್ಲಿ ಮುನ್ನೂರು, ಚೀಟಿಯಲ್ಲೂ ಮುನ್ನೂರು. ಅವಳ ಬಿಲ್ಲಿಗೆ ಪರದೆ ಕೆಂಪಾಗಲೇ ಇಲ್ಲ.

"ಮಿಲ್ಲಿಂದು ಬಿಟ್ಟುಬಿಡು, ಪದ್ಧತಿ ಅದು" ಎಂದೆ.

"ಪದ್ಧತಿ ಆದ್ರ ಯಂತ್ರಕ್ಕ ಹೇಳೋಣ್ರೀ ಸಾವ್ಕಾರ್ರ. ನೂರಕ್ಕ ಎರಡು, ಹೌದಲ್ಲ? ಎಲ್ಲಾರಿಗೂ?"

"ಎಲ್ಲಾರಿಗೂ ಅಲ್ಲ. ದೊಡ್ಡ ಪಾರ್ಟಿಗೆ."

"ದೊಡ್ಡ ಅಂದ್ರ ಎಷ್ಟು?" ಕೇಳಿದವನು ಸುಭಾಷ್. ವ್ಯಂಗ್ಯವಿರಲಿಲ್ಲ, ಅವನಿಗೆ ಬರೆಯಲು ಅಂಕಿ ಬೇಕಿತ್ತು.

ನನ್ನ ಅಂಗಡಿ, ನನ್ನ ಚೀಲ, ನನ್ನ ದುಡ್ಡಿನ ಯಂತ್ರ. ನಾನು ಯಾರಿಗೆ ಎಷ್ಟು ಕೊಡುತ್ತೇನೆಂಬುದನ್ನು ಪಾಠ ಒಪ್ಪಿಸುವ ಹುಡುಗನಂತೆ ನಿಂತು ಹೇಳಬೇಕೇ? ಗಂಜಿನ ಯಾವ ವ್ಯಾಪಾರಿ ಹೇಳಿದ್ದಾನೆ? "ಈ ತಡೆನ ಬ್ಯಾಡ, ಕಿತ್ತು ಹಾಕು" ಎಂದು ಗದರಿದೆ.

ಹುಸೇನಪ್ಪ ಕೋಟಿನ ಗುಂಡಿ ಬಿಚ್ಚತೊಡಗಿದ. "ಕೀಳಸ್ರಿ. ಆರು ಹೋಗಿ ಅರವತ್ತಾಗೋದನ್ನ ಹಿಡಿಯೋದೂ ಇದ ತಡೆ. ಇದನ್ನ ಕಿತ್ರ ನಾಳಿ ಈ ರೇವಣಸಿದ್ದ ಮತ್ತ ಬೆಂಚ್ ಮ್ಯಾಲೆ ಕುಂದ್ರತಾನ. ಆ ಹೊತ್ತಿಗೆ ಚೀಟಿ ಇರಂಗಿಲ್ಲ, ಕೋಟೂ ಇರಂಗಿಲ್ಲ, ನಾನೂ ಇರಂಗಿಲ್ಲ." ಬಾಗಿಲಲ್ಲಿ ರೇವಣಸಿದ್ದ ನಿಂತಿದ್ದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಬೆಂಚಿನ ಮೇಲಿತ್ತು. "ಇಲ್ಲಾ, ದೊಡ್ಡವ್ರಿಗೆ ಎರಡು, ಮಸರಕಲ್‌ನಾಕಿ ದಬ್ಬಣ ತಗೊಂಡು ಹೊಲ್ಕೋಲಿ ಅಂತ ಬಾಯಿಲೆ ಹೇಳ್ರಿ. ಸುಭಾಷ್ ಬರೀತಾನ. ನನ್ನದೇನೂ ತಕರಾರಿಲ್ಲ."

ಮಲ್ಲೇಶ್ವರಿಯ ಬೆರಳು ಕೀಬೋರ್ಡಿನ ಮೇಲೆ ಕಾಯುತ್ತಿತ್ತು. ಹೊರಗೆ ಲಾರಿಯವ ಹಾರ್ನು ಹೊಡೆಯುತ್ತಿದ್ದ. ಮೂವತ್ತು ವರ್ಷ ಸರಾಗವಾಗಿ ಮಾಡಿಕೊಂಡು ಬಂದ ಕೆಲಸ, ಹೇಳಬೇಕಾದದ್ದು ಒಂದೇ ಒಂದು ವಾಕ್ಯ. ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು, ಹೊರಗೆ ಬರಲಿಲ್ಲ. "ಎಲ್ಲಾರಿಗೂ ಬರಕೋ" ಎಂದು ಹೇಳಿ, ಎಲೆಯಡಿಕೆ ಉಗುಳುವ ನೆವದಿಂದ ಎದ್ದು ಹೋದೆ. ತಿರುಗಿ ಬರುವಷ್ಟರಲ್ಲಿ ರೇಣುಕಮ್ಮನ ಟೆಂಪೋಕ್ಕೆ ಇನ್ನಾರು ಚೀಲ ಏರಿದ್ದವು, ಎಲ್ಲರ ಬಿಲ್ಲಿನ ಅಡಿಗೂ ಒಂದು ಸಾಲು ಅಚ್ಚಾಗಿತ್ತು: ಹರಕಿಗೆ ನೂರಕ್ಕೆ ಎರಡು, ಪ್ರತಿ ಗಿರಾಕಿಗೆ.

ಸಂಜೆ ಪಂಪಾಪತಿಯ ಫೋನು. "ಆ ಸಣ್ಣ ಅಂಗಡಿಗೋಳಿಗೂ ಎರಡು, ನಮಗೂ ಎರಡು ಅಂದ್ರ ನಮ್ಮ ಮರ್ಯಾದಿ ಏನುಳೀತ್ರಿ?" ಆತನಿಗೆ ಒಂದು ಚೀಲವೂ ಕಡಿಮೆಯಾಗಿರಲಿಲ್ಲ. ಆದರೂ ಎರಡು ತಿಂಗಳು ನಮ್ಮಲ್ಲಿ ಮಾಲು ಎತ್ತಲಿಲ್ಲ. ಆ ನಷ್ಟವನ್ನು ಕಾಗದದ ಮೇಲೆ ಬರೆದು ಹುಸೇನಪ್ಪನ ಮುಂದಿಟ್ಟೆ. ಆತ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ನೋಡಿ, "ಲೆಕ್ಕ ಬರೋಬ್ಬರಿ ಅದ ರೀ" ಎಂದು ಹಿಂದಕ್ಕೆ ಕೊಟ್ಟ.

ಇಂಥವರನ್ನು ನಾವು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಅವರ ಕಣ್ಣು ಚುರುಕೆಂದು. ಆ ಕಣ್ಣು ಬರೆಯುವವರ ಕೈ, ಹೊರುವವರ ಬೆನ್ನು ನೋಡುತ್ತಿರುತ್ತದೆ, ಸಾವ್ಕಾರ ಕೂರುವ ಗಾದಿಯ ಕಡೆ ತಿರುಗುವುದಿಲ್ಲ ಎಂದು ಒಳಗೊಳಗೇ ನಂಬಿಕೊಂಡು. ಹಾಗೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಹೇಳುವಂಥದ್ದೂ ಅಲ್ಲ; ಹೇಳದೆ ಬಿಟ್ಟದ್ದು ಅವರ ಪಾಲಿಗೆ ನಿಯಮವೇ ಅಲ್ಲ. ಅವರು ನಮ್ಮನ್ನು ಕಳ್ಳರೆನ್ನುವುದಿಲ್ಲ, ಪೊಲೀಸರನ್ನು ಕರೆಯುವುದಿಲ್ಲ, ಊರಲ್ಲಿ ಆಡಿಕೊಳ್ಳುವುದೂ ಇಲ್ಲ. ನಾವು ದಿನವೂ ಮಾಡುವುದನ್ನೇ ಒಂದು ಸಲ ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಿ ಎಂದಷ್ಟೇ ಕೇಳುತ್ತಾರೆ, ಮತ್ತು ನಾವು ಹೇಳುವವರೆಗೆ ಲಾರಿ ಬಿಡುವುದಿಲ್ಲ.