ಲಕ್ಷ್ಮವ್ವ ಸತ್ತ ಬುಧವಾರ

ಬನಹಟ್ಟಿಯ ನಂದಾ ಒಬ್ಬ ಮುದುಕಿಯನ್ನು ಸಾಯಿಸಬೇಕೆಂದು ಗಟ್ಟಿ ಮನಸ್ಸು ಮಾಡಿದ್ದು ಮಂಗಳವಾರ ಸಂಜೆ, ರೊಟ್ಟಿ ಬಡಿಯುತ್ತಿದ್ದಾಗ. ಮುದುಕಿಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಅವಳಿಗೆ ಜಮಖಂಡಿ ನೋಡಬೇಕಾಗಿತ್ತು, ಅಷ್ಟೆ.

ನಂದಾಳನ್ನು ಬೈಯುವ ಮೊದಲು, ಅವಳ ಓಣಿಯ ಹೆಂಗಸರು ಯಾವಾಗ ಹೊಸ್ತಿಲು ದಾಟುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಮದುವೆಗೆ ಹೋಗಬಹುದು, ಆದರೆ ಗಂಡ ಜೊತೆಗಿರುತ್ತಾನೆ. ದೇವರಿಗೆ ಹೋಗಬಹುದು, ಆದರೆ ಇಡೀ ಓಣಿಯೇ ಜೊತೆಗಿರುತ್ತದೆ. ದವಾಖಾನೆಗೂ ಹೋಗಬಹುದು, ಅದಕ್ಕೆ ಮೊದಲು ಜಡ್ಡು ಬರಬೇಕು. ಯಾರಾದರೂ ಸತ್ತರೆ ಮಾತ್ರ "ಮಾತಾಡಿಸಿ ಬರ್ತೀನಿ" ಅಂದರೆ ಮುಗಿಯಿತು. ಯಾಕೆ, ಯಾವಾಗ ಬರುತ್ತಿ ಎಂದು ಕೇಳುವ ಗಂಡ ಆ ಓಣಿಯಲ್ಲಿ ಇಲ್ಲ. ಸುಮ್ಮನೆ ಒಂದು ಊರು ನೋಡಿಕೊಂಡು ಬರುತ್ತೇನೆ ಎಂದು ಹೊರಟ ಹೆಂಗಸು ಮಾತ್ರ ಅಲ್ಲಿ ಇನ್ನೂ ಹುಟ್ಟಿಲ್ಲ.

ನಂದಾಳ ಗಂಡ ಸುಭಾಷ್ ಕೆಟ್ಟವನಲ್ಲ. ಎಂಟು ಪವರ್‌ಲೂಮಿನ ಒಡೆಯ, ಕುಡಿಯುವವನಲ್ಲ, ಹೊಡೆಯುವವನಲ್ಲ. ಮೂವತ್ನಾಲ್ಕು ವರ್ಷದಲ್ಲಿ ಎಷ್ಟೋ ಸಲ ಇಬ್ಬರೂ ಬಸ್ಸಿನಲ್ಲಿ ಜಮಖಂಡಿ ದಾಟಿ ಹೋಗಿದ್ದಾರೆ. ಗುಡ್ಡದ ಮೇಲಿನ ಹಳೆಯ ಅರಮನೆ ಕಂಡಾಗೆಲ್ಲ ನಂದಾ, "ಒಮ್ಮೆ ಇಳದು ನೋಡೂನೇನ್ರಿ?" ಎಂದಿದ್ದಾಳೆ. "ಏನೈತಿ ಅಲ್ಲಿ? ಕಲ್ಲು," ಎಂದು ಅವನು ಪ್ರತಿ ಸಲವೂ ಹೇಳಿದ್ದಾನೆ. ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಅವಳಿಗೆ ನೋಡಬೇಕಾಗಿದ್ದೂ ಕಲ್ಲೇ.

ಹೀಗಿರುವಾಗ ಸೊಸೆ ಕಾವ್ಯ ಒಂದು ದಿನ ಫೋನಿನಲ್ಲಿ ಜಾಹೀರಾತು ತೋರಿಸಿದಳು. ಜಮಖಂಡಿ ಸಂಸ್ಥಾನದ ಇತಿಹಾಸ, ಒಂದು ದಿನದ ಖಾಸಗಿ ಪ್ರವಾಸ, ಗೈಡ್ ಮತ್ತು ಕಾರು ನಿಮಗೊಬ್ಬರಿಗೇ. ನಂದಾ ಅದನ್ನು ಮೂರು ಸಲ ಓದಿಸಿ ಕೇಳಿದಳು. ಕಾವ್ಯ ಬುಧವಾರಕ್ಕೆ ಬುಕ್ ಮಾಡಿಯೇ ಬಿಟ್ಟಳು. ಇನ್ನು ಉಳಿದದ್ದು ಒಂದು ಸಾವು.

ಸಾಯುವವರನ್ನು ಆರಿಸುವುದು ನಾವಂದುಕೊಂಡಷ್ಟು ಸುಲಭವಲ್ಲ. ತೀರಾ ಹತ್ತಿರದವರಾದರೆ ಮನೆಮಂದಿಯೆಲ್ಲ ಹೊರಡುತ್ತಾರೆ. ತೀರಾ ದೂರದವರಾದರೆ, ನೀನೇಕೆ ಹೋಗಬೇಕು ಎನ್ನುತ್ತಾರೆ. ನಂದಾ ಬಹಳ ಯೋಚಿಸಿ ಜಮಖಂಡಿಯ ಲಕ್ಷ್ಮವ್ವನನ್ನು ಆರಿಸಿದಳು. ತನ್ನ ಚಿಕ್ಕವ್ವನ ಮಗಳ ಅತ್ತೆ, ಎಂಬತ್ತರ ಮೇಲಿನ ವಯಸ್ಸು. ಯಾರೂ ಅನುಮಾನ ಪಡುವಂತಿರಲಿಲ್ಲ.

"ಲಕ್ಷ್ಮವ್ವ ದೊಡ್ಡವ್ವ ಹೋದ್ಲಂತ್ರಿ," ಎಂದಳು ಬುಧವಾರ ಮುಂಜಾನೆ.

"ಪಾಪ. ಹೋಗಿ ಬಾ," ಎಂದ ಸುಭಾಷ್.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಓಣಿಯಲ್ಲಿದ್ದ ಸುಭಾಷನ ಅಕ್ಕ ಕೆಂಪವ್ವ ಸುದ್ದಿ ಕೇಳಿ, ಸತ್ತ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ ಎಂದು ಇಪ್ಪತ್ತು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮಾಸಿದ ಸೀರೆ ಉಟ್ಟು, ಹೂವಿಲ್ಲದ ತಲೆಯಲ್ಲಿ, ಬುತ್ತಿಯ ಗಂಟು ಹಿಡಿದು ನಂದಾ ತನ್ನ ಜೀವನದ ಮೊದಲ ಪ್ರವಾಸಕ್ಕೆ ಹೊರಟಳು.

ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಗೈಡ್ ಐಶ್ವರ್ಯ ಕಾಯುತ್ತಿದ್ದಳು. ಇತಿಹಾಸದಲ್ಲಿ ಎಂ.ಎ. ಮಾಡಿ, ನೌಕರಿ ಸಿಗದೆ, ಅಪ್ಪನ ಹಳೆಯ ಕಾರಿನಲ್ಲಿ ಪುಣೆ, ಬೆಂಗಳೂರಿನ ಮಂದಿಗೆ ಊರು ತೋರಿಸುವ ಹುಡುಗಿ. ನಂದಾಳ ಸೀರೆ ನೋಡಿದಳು, ಗಂಟು ನೋಡಿದಳು, ಆಮೇಲೆ ಅವಳ ಬೆನ್ನ ಹಿಂದೆ ನೋಡಿದಳು.

"ಉಳದವರು ಎಲ್ಲ್ಯದಾರ್ರಿ ಮೇಡಂ?"

"ಯಾವ ಉಳದವರು? ನಾ ಒಬ್ಬಾಕಿನ."

ಗುಡ್ಡದ ಮೇಲಿನ ಅರಮನೆಯ ಬಾಗಿಲಲ್ಲಿ ಇಬ್ಬರೂ ಇಳಿದಾಗ ಗಂಟೆ ಹತ್ತು. ಕಂಬ ಯಾವ ಮರದ್ದು, ಕಲ್ಲು ಎಲ್ಲಿಂದ ಬಂತು, ದರ್ಬಾರಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಐಶ್ವರ್ಯ ಹೇಳುತ್ತ ಹೋದಳು. ಅಡುಗೆ ಮನೆ ಎಲ್ಲಿತ್ತು ಎಂದು ನಂದಾ ಕೇಳಿದಳು. ಐಶ್ವರ್ಯ ಗೈಡ್ ಆದ ಎರಡು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಐಶ್ವರ್ಯಳಿಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಹಿಂದಿನ ಗೋಡೆಯ ಮಸಿ ಹುಡುಕಿಕೊಂಡು ಹೋಗಿ ಪತ್ತೆ ಹಚ್ಚಿದರು.

ನಂದಾಳಿಗೆ ಇತಿಹಾಸಕ್ಕಿಂತ ಹೆಚ್ಚು ಹಿಡಿಸಿದ್ದು ಬೇರೆಯೇ ಒಂದು ಸಂಗತಿ. ಮನೆಯಲ್ಲಿ ಎಂಟು ಮಗ್ಗದ ಸದ್ದು. ಅಲ್ಲಿ ಉಪ್ಪು ಕೇಳಬೇಕಾದರೂ ಒದರಬೇಕು, ಒದರಿದ್ದಕ್ಕೆ ಬರುವ ಉತ್ತರವೂ ಒದರಿಕೆಯೇ. ಇಲ್ಲಿ ಒಬ್ಬ ಓದಿದ ಹುಡುಗಿ ಸಣ್ಣ ದನಿಯಲ್ಲಿ ಅವಳೊಬ್ಬಳಿಗಾಗಿ ಹೇಳುತ್ತಿದ್ದಳು. ಅವಳು ತಲೆಯಾಡಿಸುವ ತನಕ ಕಾದು ಮುಂದಿನ ಮಾತಿಗೆ ಹೋಗುತ್ತಿದ್ದಳು. ತನಗೊಬ್ಬಳಿಗೆ ಒಂದು ವಿಷಯ ತಿಳಿಯಲಿ ಎಂದು ಇನ್ನೊಬ್ಬರು ಇಷ್ಟು ಕಷ್ಟಪಟ್ಟದ್ದನ್ನು ನಂದಾ ಕಂಡಿರಲಿಲ್ಲ. ಒಮ್ಮೆ ಅವಳಿಗೆ ಅಳುವೇ ಬಂತು. ಕಣ್ಣಿಗೆ ಧೂಳು ಬಿತ್ತೆಂದುಕೊಂಡು ಐಶ್ವರ್ಯ ನೀರಿನ ಬಾಟಲಿ ಕೊಟ್ಟಳು.

ಹನ್ನೆರಡಕ್ಕೆ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು. ಸತ್ತವರ ಮನೆಗೆಂದು ಮಾಡಿದ ರೊಟ್ಟಿ ಇಷ್ಟು ರುಚಿಯಾಗಿರುತ್ತದೆಂದು ನಂದಾಳಿಗೆ ಆವತ್ತೇ ಗೊತ್ತಾದದ್ದು. ಮೂರನೆಯ ರೊಟ್ಟಿಗೆ ಕೈ ಹಾಕಿದಾಗ ಫೋನ್ ಬಂತು. ಕಾವ್ಯಳದು.

"ಅತ್ತಿ, ಘಾತ ಆತ್ರಿ. ಮಾವಾರು ಹೊಂಟಾರ."

"ಎಲ್ಲಿಗೆ?"

"ಲಕ್ಷ್ಮವ್ವನ ಮನಿಗೆ. ಮಾತಾಡ್ಸಾಕ. ಟಂಟಂ ಗಾಡಿ ಬಾಡಗಿ ಮಾಡ್ಯಾರ, ಒಂಬತ್ತ ಮಂದಿ."

ಆದದ್ದು ಇಷ್ಟು. ಲೈನ್ ರಿಪೇರಿ ಎಂದು ಬನಹಟ್ಟಿಯಲ್ಲಿ ಆ ದಿನ ಕರೆಂಟ್ ತೆಗೆದಿದ್ದರು. ಮಗ್ಗ ನಿಂತಿದ್ದವು. ಕೆಲಸವಿಲ್ಲದ ಸುಭಾಷ್ ಅಕ್ಕನ ಮನೆಯ ಕಟ್ಟೆಗೆ ಹೋಗಿ ಕೂತ. ಹಳೆಯದನ್ನೆಲ್ಲ ನೆನೆಯುತ್ತ ಕೂತಿದ್ದ ಕೆಂಪವ್ವ ಹಣೆ ಹಣೆ ಬಡಿದುಕೊಂಡಳು. ತಮ್ಮ ಅಪ್ಪ ಸತ್ತಾಗ ಎಲ್ಲರಿಗಿಂತ ಮೊದಲು ಬಂದವಳು ಯಾರು? ಲಕ್ಷ್ಮವ್ವ. ಹನ್ನೊಂದು ಮಂದಿಗೆ ಬುತ್ತಿ ತಂದು ಮೂರು ದಿನ ಕೂತು ಹೋದವಳು. ಈಗ ಅವಳ ಸಾವಿಗೆ ನಂದಾ ಒಬ್ಬಳನ್ನೇ ಕಳಿಸಿ ಮನೆಯಲ್ಲಿ ಕೂರುವುದೇ? ಆ ಓಣಿಯ ಮಂದಿ ಮದುವೆಗೆ ಬರದವರನ್ನು ಕ್ಷಮಿಸಿಯಾರು, ಸಾವಿಗೆ ಬಂದವರನ್ನು ಮಾತ್ರ ಮರೆಯುವವರಲ್ಲ. ನಂದಾ ನಂಟಿನ ದೂರವನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದಳು, ಈ ಋಣವನ್ನು ಮರೆತಿದ್ದಳು.

"ಫೋನ್ ಹಚ್ಚಿ ಕೇಳಲಿಲ್ಲೇನ ಅವರು?"

"ಸತ್ತ ಮನಿಗೆ ಫೋನ್ ಹಚ್ಚಿ, ಖರೇನ ಸತ್ತಾರೇನ್ರಿ ಅಂತ ಕೇಳಾಕ ಬರ್ತೈತೇನ ಅಂದ್ರು."

ಅದೂ ಖರೆ. ನಂದಾ ರೊಟ್ಟಿ ಕೆಳಗಿಟ್ಟಳು. ಎಲ್ಲವನ್ನೂ ಐಶ್ವರ್ಯಳಿಗೆ ಹೇಳಿದಳು.

"ಮೇಡಂ, ಇನ್ನೂ ಅರ್ಧ ಉಳದೈತಿ. ಐದರ ತನಕ ನಿಮ್ಮದ ಐತಿ," ಎಂದಳು ಐಶ್ವರ್ಯ. ಅವಳಿಗೂ ಬೇಸರವಾಗಿತ್ತು.

"ನಂದು ಮುಗೀತವ್ವಾ. ನನ್ನ ಸತ್ತ ಮನಿಗೆ ಮುಟ್ಟಿಸಿಬಿಡು."

ಸತ್ತ ಮನೆಯ ಕಟ್ಟೆಯ ಮೇಲೆ ಲಕ್ಷ್ಮವ್ವ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗಿದ್ದರು. ಐಶ್ವರ್ಯಳನ್ನು ಕಾರಿನಲ್ಲೇ ಕಾಯಲು ಬಿಟ್ಟು ನಂದಾ ಓಡಿಬಂದು ಅವಳ ಕಾಲು ಹಿಡಿದಳು.

"ದೊಡ್ಡವ್ವ, ತಪ್ಪಾತು. ನಾ ನಿನ್ನ ಸಾಯ್ಸೇನಿ."

ಲಕ್ಷ್ಮವ್ವ ಪೂರ್ತಿ ಕೇಳಿಸಿಕೊಂಡಳು. ಕೈಯಲ್ಲಿದ್ದ ಶೇಂಗಾ ಬಾಯಿಗೆ ಹಾಕಿಕೊಂಡಳು.

"ಯಾವಾಗ ಸತ್ನಿ?"

"ಇವತ್ತ ನಸುಕಿನ್ಯಾಗ."

"ಏನಾಗಿತ್ತು?"

"ಏನಿಲ್ಲ. ಮಲಗಿದಲ್ಲೇ."

"ಛಲೋ ಆತು ಬಿಡು. ತ್ರಾಸ ಆಗಲಿಲ್ಲ." ಆಮೇಲೆ ಅವಳ ಮುಖ ಹತ್ತಿರ ಎಳೆದು ಕೇಳಿದಳು, "ಮತ್ತ ಅರಮನಿ ಒಳಗ ಹೆಂಗೈತಿ?"

ನಂದಾ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಕೆಂಪವ್ವನ ದನಿ ಎದ್ದಿತು. ಸಾವಿಗೆ ಬಂದ ಹೆಂಗಸರು ಬಾಗಿಲ ತನಕ ಕಾಯುವುದಿಲ್ಲ. ತಿರುವಿನಲ್ಲೇ ಮುಖಕ್ಕೆ ಸೆರಗು ಹಾಕಿ, ಒಬ್ಬರ ಹೆಗಲು ಒಬ್ಬರು ಹಿಡಿದು, ಸತ್ತವರ ಗುಣಗಳನ್ನು ಹಾಡ್ಯಾಡಿಕೊಂಡು ಅಳುತ್ತ ಬರುತ್ತಾರೆ. ಎದುರಿಗೆ ಯಾರಿದ್ದಾರೆಂದು ನೋಡುವುದಿಲ್ಲ.

"ತಡಿ," ಎಂದಳು ಲಕ್ಷ್ಮವ್ವ. "ನನ್ನ ಬಗ್ಗೆ ಏನ ಹಾಡ್ತಾರ ಕೇಳೂನು. ಆಮ್ಯಾಲ ನನಗೆಲ್ಲಿ ಕೇಳಿಸ್ತೈತಿ?" ಎದ್ದು ಒಳಗೆ ಹೋಗಿ ಕದದ ಹಿಂದೆ ನಿಂತಳು.

ಕೆಂಪವ್ವ ಕಟ್ಟೆಯ ಕೆಳಗೆ ಕುಸಿದು ಕೂತು ಶುರು ಮಾಡಿದಳು. "ನಮ್ಮಪ್ಪ ಹೋದಾಗ ಬುತ್ತಿ ತಂದಾಕೀ, ನಮ್ಮವ್ವ ಹೋದಾಗ ಕಣ್ಣೀರ ಒರಿಸಿದಾಕೀ, ತೇರದಾಳ ಮಾವ ಹೋದಾಗ ನೀರ ಹೊತ್ತಾಕೀ, ಮುಧೋಳದ ಕೂಸ ಹೋದಾಗ ಒಂಬತ್ತ ದಿನ ಕುಂತಾಕೀ..." ಒಂದೊಂದು ಸಾವಿಗೂ ಉಳಿದವರು ದನಿಗೂಡಿಸಿದರು. ಸುಭಾಷ್ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ. ಪಟ್ಟಿ ಉದ್ದವಾಗಿತ್ತು. ಒಂದೂ ಸುಳ್ಳಿರಲಿಲ್ಲ.

ಕದ ತೆರೆಯಿತು.

"ಲೇ ಕೆಂಪಿ, ಬರೇ ಸತ್ತವರ ಮನಿಗೇ ಹೋಗೇನೇನ ನಾ? ಎಂಬತ್ತ ವರ್ಷದಾಗ ಬ್ಯಾರೆ ಎಲ್ಲಿಗೂ ಹೋಗೇ ಇಲ್ಲೇನ?"

ಕೆಂಪವ್ವ ಕಿಟಾರನೆ ಕಿರುಚಿದಳು. ಇಬ್ಬರು ಟಂಟಂ ಕಡೆಗೆ ಓಡಿದರು. ಉಳಿದವರು ಇದ್ದಲ್ಲೇ ಕಲ್ಲಾದರು. ಲಕ್ಷ್ಮವ್ವ ಮಾತ್ರ ಉತ್ತರಕ್ಕೆ ಕಾಯುತ್ತ ನಿಂತಳು. ಬೇರೆ ಎಲ್ಲಿಗೆ ಹೋಗಿದ್ದಳೆಂದು ಅವರ್ಯಾರಿಗೂ ಹೊಳೆಯಲಿಲ್ಲ. ಒಂದು ಗಳಿಗೆ ಯೋಚಿಸಿದ ಮೇಲೆ ಅವಳಿಗೂ ಹೊಳೆಯಲಿಲ್ಲ.

ಸುಭಾಷನ ನೋಟ ಮುದುಕಿಯಿಂದ ನಂದಾಳ ಕಡೆಗೆ ತಿರುಗಿತು. "ಏನ ಇದು?"

ಲಕ್ಷ್ಮವ್ವ ನಡುವೆ ಬಂದಳು.

"ಆಕಿಗೇನ ಕೇಳ್ತಿ? ನಾನ ಹಂಗ ಹೇಳಿ ಕಳಿಸಿದ್ನಿ. ಬದುಕೇನಿ ಬಾ ಅಂದ್ರ ಬರ್ತಿದ್ದಿ ಏನ?"

ಲಕ್ಷ್ಮವ್ವ ಕಟ್ಟೆ ಇಳಿದು ಚಪ್ಪಲಿ ಮೆಟ್ಟಿಕೊಂಡಳು.

"ಬಂದದ್ದು ಬಂದೀರಿ, ಟಂಟಂ ಐತಿ. ಗುಡ್ಡದ ಬುಡಕ ಇದ್ದು ಇದ್ದು ಅರಮನಿ ನಾ ನೋಡಿಲ್ಲ. ಕರಕೊಂಡು ನಡೀರಿ. ಆ ಕಾರಿನ ಹುಡುಗಿ ತೋರಿಸ್ತಾಳಂತ."

ಸತ್ತವಳೇ ಎದ್ದು ನಿಂತು ಕೇಳುವಾಗ ಇಲ್ಲವೆನ್ನುವುದು ಯಾರಿಂದಾದೀತು? ಗಂಟೆ ಮೂರಕ್ಕೆ ಸಾವಿನ ಮಂದಿಯೆಲ್ಲ ಅರಮನೆಯ ಮೆಟ್ಟಿಲು ಹತ್ತುತ್ತಿದ್ದರು.

ನಂದಾ ಸಿಕ್ಕಿಬೀಳದೆ ಪಾರಾಗಿದ್ದಳು. ಅದರ ಖುಷಿ ಅವಳಿಗೆ ದರ್ಬಾರಿನ ತನಕ ಇತ್ತು. ಅಲ್ಲಿ ಐಶ್ವರ್ಯ, "ನೋಡ್ರಿ ಸರ್, ಈ ಕಂಬ..." ಎಂದು ಸುಭಾಷನ ಕಡೆ ತಿರುಗಿ ಶುರು ಮಾಡಿದಳು. ಅವಳ ತಪ್ಪಲ್ಲ, ಗುಂಪಿನಲ್ಲಿ ಗಂಡಸು ಮುಂದೆ ನಿಂತಿದ್ದರೆ ಬಾಯಿ ತಾನಾಗಿ ಆ ಕಡೆ ತಿರುಗುತ್ತದೆ. ಸುಭಾಷ್ ಬೆನ್ನ ಹಿಂದೆ ಕೈಕಟ್ಟಿ ನಿಂತು ಕೇಳಿದ. ಪ್ರಶ್ನೆ ಹಾಕಿದ. ಐದು ನಿಮಿಷದಲ್ಲಿ ಅವನಿಗೆ ಕಲ್ಲಿನ ರುಚಿ ಹತ್ತಿತು. ನಂದಾ ಎಲ್ಲರ ಚಪ್ಪಲಿ, ಚೀಲ ಕಾಯುತ್ತ ಹಿಂದೆ ಉಳಿದಳು. ಬೆಳಗಿನಿಂದ ತನ್ನದಾಗಿದ್ದ ಊರು ಕಣ್ಣೆದುರೇ ಇನ್ನೊಬ್ಬರದಾಗುತ್ತಿತ್ತು. ಸಿಕ್ಕಿಬಿದ್ದಿದ್ದರೂ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಐಶ್ವರ್ಯ ಲಕ್ಷ್ಮವ್ವನ ಕೈಹಿಡಿದು ಮಹಡಿ ಹತ್ತಿಸುತ್ತಿದ್ದಳು. ಅಷ್ಟರಲ್ಲಿ ಸುಭಾಷ್ ಮೇಲಿನ ಜಾಲಿ ಕಿಟಕಿಯ ಮುಂದೆ ನಿಂತು ಹೆಂಡತಿಯನ್ನು ಕರೆದ. ಗೈಡ್ ಬರುವ ತನಕ ಸುಮ್ಮನಿರುವುದು ಅವನಿಂದ ಆಗಲಿಲ್ಲ.

"ನಂದಾ, ಇಲ್ಲಿ ಬಾ. ಈ ಕಿಡಕಿ ಯಾಕ ಇಟ್ಟಾರ ಗೊತ್ತೇನ? ಸಿಪಾಯಿಗಳು ಇಲ್ಲಿ ನಿಂತು ವೈರಿ ಬರೋದು ನೋಡ್ತಿದ್ರು."

ಮೇಲೆ ಹತ್ತಿ ಬಂದ ನಂದಾ "ಹೌದೇನ್ರಿ" ಎಂದಿದ್ದರೆ ಸಾಕಿತ್ತು. ಮೂವತ್ನಾಲ್ಕು ವರ್ಷ ಅಂದ ಮಾತು, ನಾಲಗೆಯ ತುದಿಯಲ್ಲೇ ಇತ್ತು. ಅದು ಹೊರಗೆ ಬರಲಿಲ್ಲ.

"ಸಿಪಾಯಿಗಳಲ್ಲರಿ. ಇಲ್ಲಿ ಹೆಣ್ಣಮಕ್ಕಳು ಕುಂದ್ರತಿದ್ರು."

"ನಿನಗ್ಯಾರ ಹೇಳಿದ್ರು?"

"ಮುಂಜಾನಿ ಇಲ್ಲೇ ನಿಂತು ಕೇಳೇನಿ. ದೊಡ್ಡವ್ವ ಏನೂ ಹೇಳಿ ಕಳಿಸಿರಲಿಲ್ಲ. ನಾನ ಸುಳ್ಳ ಹೇಳಿ ಬಂದಿದ್ನಿ."

ಕೆಂಪವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಹುಚ್ಚಿ," ಎಂದಳು ಲಕ್ಷ್ಮವ್ವ ಮೆಟ್ಟಿಲ ಮೇಲಿಂದ, "ಚಂದಂಗ ಮುಚ್ಚಿದ್ನಲ್ಲ."

ಸುಭಾಷನ ಮುಖ ಕೆಂಪಾಯಿತು. ಅಷ್ಟು ಮಂದಿಯ ಎದುರು ಅವನು ಒದರಲಿಲ್ಲ. "ಏನ ನೋಡಾಕ ಬಂದಿದ್ದಿ?" ಎಂದು ಕೇಳಿದ. "ಯಾರ ಜೋಡಿ?"

"ಯಾರ ಜೋಡಿನೂ ಅಲ್ಲ. ಸುಮ್ಮನ ನೋಡಾಕ."

ಕಳ್ಳತನವಾಗಿದ್ದರೆ ಅವನು ಬೈಯಬಹುದಿತ್ತು, ಜಗಳವಾಗಿದ್ದರೆ ಆಡಬಹುದಿತ್ತು. ಸುಮ್ಮನೆ ನೋಡಿದ್ದಕ್ಕೆ ಏನೆಂದು ಬೈಯುವುದು? ನಂದಾ ಆಗಷ್ಟೇ ಮೇಲೆ ಬಂದ ಐಶ್ವರ್ಯಳ ಕಡೆ ತಿರುಗಿದಳು.

"ಮುಂಜಾನಿ ನಾವು ಬಿಟ್ಟ ಕಡಿಂದ ಸುರು ಮಾಡವ್ವಾ. ನನಗ ಹೇಳು. ಬೇಕಾದವರು ಹಿಂದ ನಿಂತು ಕೇಳಲಿ." ಆಮೇಲೆ ಗಂಡನಿಗೆ ಹೇಳಿದಳು, "ನೀವು ಒಂದೀಟ ಬಾಜು ಸರೀರಿ. ಕಾಣವಲ್ಲದು."

ಸುಭಾಷ್ ಸರಿದು ನಿಂತ.