ಗಾಳಿ ತುಂಬದೆ ಒತ್ತಿದ ಗುಂಡಿ

ಟೈರು ಸಿಡಿದದ್ದು ಬೆಳಗ್ಗೆ. ಸಂಜೆ ಹೊತ್ತಿಗೆ ಮನೆಯಲ್ಲಿ ತೀರ್ಪೂ ಆಗಿಹೋಗಿತ್ತು: ಸೂಜಿಯಕ್ಕ ಇನ್ನು ಸ್ಟೀರಿಂಗ್ ಮುಟ್ಟಕೂಡದು.

ಸೂಜಿಯಕ್ಕ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ. ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ತರುವುದು ಅವಳ ಕೆಲಸ. ಹಾಸಿಗೆ ಹಿಡಿದ ಮುದುಕರು, ದಿನ ತುಂಬಿದ ಬಸುರಿಯರು, ಸೂಜಿ ಕಂಡರೆ ಅಮ್ಮಾ ಎಂದು ಅರಚುವ ಪೈಲ್ವಾನರು, ಎಲ್ಲರ ಬಾಯಲ್ಲೂ ಅವಳು ಸೂಜಿಯಕ್ಕ. ಕಾರಿನ ಹಿಂದಿನ ಸೀಟಿನಲ್ಲಿ ಮಂಜುಗಡ್ಡೆಯ ಡಬ್ಬಿ, ಅದರೊಳಗೆ ಬೆರಳುದ್ದದ ಕೊಳವೆಗಳು. ಬಿಸಿಲೇರುವ ಮುಂಚೆ ಅವು ಲ್ಯಾಬು ಸೇರಬೇಕು. ಬಸ್ಸಿನಲ್ಲಿ ಜೋತಾಡಿಕೊಂಡು ಮಾಡುವ ಕೆಲಸವಲ್ಲ. ಕಾರಿಲ್ಲ ಅಂದರೆ ಕೆಲಸವೂ ಇಲ್ಲ.

ಆ ಕಾರಿನ ಕೀ ಈಗ ಭಾವನ ಅಂಗಿಯ ಜೇಬಿನಲ್ಲಿತ್ತು.

ಭಾವ ಅವಳ ಗಂಡನ ಅಣ್ಣ, ಮಹಡಿಯ ಮೇಲಿನ ಮನೆಯವನು. ಭಾನುವಾರ ಕಾರು ಅವನದು. ಎರಡೂ ಮನೆಯಲ್ಲಿ ಏನು ಕೆಟ್ಟರೂ ರಿಪೇರಿ ಅವನದೇ. ಎಂಥ ರಿಪೇರಿ ಅಂತೀರಿ! ಫ್ರಿಜ್ಜಿನ ಬಾಗಿಲು ಕೂರದೆ ಕುಂಯ್ ಕುಂಯ್ ಅನ್ನುತ್ತಿತ್ತು. ಸದ್ದು ಬರುವ ತೂತಿಗೆ ಟೇಪು ಬಡಿದ. ಅಡುಗೆಮನೆಯ ಹೊಗೆ ಅಲಾರಂ ಬಾಯಿ ಬಡಿದುಕೊಂಡಿತು; ಅದರ ಬ್ಯಾಟರಿ ಕಿತ್ತು ನಡುಮನೆಯ ಗೋಡೆ ಗಡಿಯಾರಕ್ಕೆ ಹಾಕಿದ. ನೀರಿನ ಟ್ಯಾಂಕು ತುಂಬಿದಾಗ ಕೂಗುವ ಬಝರಿನ ವೈರು ಕತ್ತರಿಸಿದ. ನೀರು ಉಕ್ಕಿ ಗೋಡೆ ನೆಂದಾಗ "ಗೋಡೆ ಸರಿಯಿಲ್ಲ" ಅಂದ. ಮಗು ಅತ್ತರೆ ಹಾಲು ಕೊಡುವವರುಂಟು, ಬಾಯಿ ಮುಚ್ಚುವವರೂ ಉಂಟು. ಇವನು ಎರಡನೆಯ ಜಾತಿ. ಮನೆಯವರಿಗೋ ಅದೇ ದೊಡ್ಡ ವಿದ್ಯೆ. "ದೊಡ್ಡೋನು ಕೈಯಿಟ್ಟರೆ ಸಾಕು, ಸದ್ದಡಗುತ್ತೆ" ಎಂದು ಹೊಗಳುವುದೇ ಹೊಗಳುವುದು.

ಬೆಳಗ್ಗೆ ಸೂಜಿಯಕ್ಕ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದಳು. ಹೆದ್ದಾರಿಯಲ್ಲಿ ಹಿಂದಿನ ಎಡಗಡೆ ಚಕ್ರ ಢಂ ಎಂದಿತು. ಕಾರು ಹುಚ್ಚು ಹೋರಿಯ ಹಾಗೆ ಹಿಂಭಾಗ ಎಸೆದಾಡಿತು. ಬ್ರೇಕು ಒತ್ತಿದ್ದರೆ ಪಲ್ಟಿಯೇ. ಅವಳು ಒತ್ತಲಿಲ್ಲ. ಹಲ್ಲು ಕಚ್ಚಿ ಸ್ಟೀರಿಂಗ್ ಹಿಡಿದು, ಪಕ್ಕದ ಕಬ್ಬಿಣದ ತಡೆಗೆ ಉಜ್ಜಿಸಿಕೊಂಡೇ ನಿಲ್ಲಿಸಿದಳು. ಅತ್ತೆಯ ಮಣಿಕಟ್ಟು ಮುಂದಿನ ಹಲಗೆಗೆ ಬಡಿದು ಮುರಿಯಿತು. ಎರಡು ಜೀವ ಉಳಿದದ್ದು ಸಂಜೆಯ ಪಂಚಾಯಿತಿಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಮುರಿದ ಮಣಿಕಟ್ಟೊಂದೇ ಬಂತು.

"ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು," ಭಾವ ಸೋಫಾದಲ್ಲಿ ಕಾಲು ಮೇಲೆ ಕಾಲು ಹಾಕಿ ಶುರುಮಾಡಿದ. "ಡ್ರೈವಿಂಗು ಎಲ್ಲರಿಗೂ ಒಲಿಯೋ ವಿದ್ಯೆ ಅಲ್ಲ. ಫುಟ್‌ಪಾತಿನ ಅಂಚಿಗೆ ಹತ್ತಿಸಿ ಹತ್ತಿಸಿ ಟೈರು ಹರಿದಿದೀಯ. ಇವತ್ತು ಅಮ್ಮನ ಕೈ ಹೋಯ್ತು. ನಾಳೆ?"

"ನಾನು ಎಲ್ಲೂ ಹತ್ತಿಸಿಲ್ಲ ಭಾವ."

"ಹತ್ತಿಸಿದೋರು ಯಾರು ತಾನೇ ಒಪ್ಕೋತಾರೆ?"

ಬಾಗಿಲ ಬಳಿ ನಿಂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. "ಹೋಗ್ಲಿ ಬಿಡೇ. ಅಣ್ಣ ಹೇಳ್ತಿರೋದೂ..."

"ನೀವು ಸ್ವಲ್ಪ ಸುಮ್ನಿರ್ರೀ! ಮದುವೆಯಾದಾಗಿಂದ ಹೋಗ್ಲಿ ಬಿಡೇ, ಹೋಗ್ಲಿ ಬಿಡೇ. ಹೋಗಿ ಹೋಗಿ ಈಗ ಕೀ ಹೋಯ್ತು. ಇನ್ನೇನು ಉಳಿದಿದೆ ಹೋಗೋಕೆ?"

ಅಷ್ಟು ಹೇಳಿ ಸೂಜಿಯಕ್ಕ ದಡದಡ ಹೊರಗೆ ಹೋದಳು. ಮುನಿಸಿಕೊಂಡು ಎದ್ದುಹೋದಳು ಅಂತ ಭಾವ ನಕ್ಕ. ನಗು ಮುಗಿಯುವ ಮುಂಚೆ ಅವಳು ಸಿಡಿದ ಟೈರನ್ನು ಎಳೆದುಕೊಂಡು ಒಳಗೆ ಬಂದಳು. ಮೆಟ್ಟಿಲು ಹತ್ತಿಸಿ, ಹೊಸ್ತಿಲು ದಾಟಿಸಿ, ನಡುಮನೆಯ ಹೊಸ ಜಮಖಾನದ ಮೇಲೆ ದೊಪ್ಪನೆ ಕೆಡವಿದಳು. ಕರಿ ಪುಡಿ ಭಾವನ ಬಿಳಿ ಪ್ಯಾಂಟಿನವರೆಗೂ ಹಾರಿತು.

"ಏಯ್! ಇದೇನಮ್ಮ ಇದು, ಮನೆಯೋ ಗ್ಯಾರೇಜೋ?"

"ಕೈ ಹಾಕಿ ನೋಡಿ. ಕಲ್ಲಿಗೆ ತಾಗಿದ್ರೆ ಒಂದು ಕಡೆ ಸೀಳಬೇಕು. ಇದು ಪಕ್ಕೆಯೆಲ್ಲ, ಸುತ್ತಲೂ, ಹಿಟ್ಟಾಗಿದೆ. ಒಳಗೆ ರಬ್ಬರಿನ ಪುಡಿ. ಗಾಳಿ ಕಮ್ಮಿಯಿಟ್ಕೊಂಡೇ ಓಡಿದೆ, ಪಕ್ಕೆ ಮಡಚಿ ಮಡಚಿ ಕಾದು ಸಿಡಿದಿದೆ. ಗಾಳಿ ಕಮ್ಮಿಯಾದ್ರೆ ಸ್ಟೀರಿಂಗ್ ಮುಂದಿನ ಹಳದಿ ದೀಪ ಹತ್ತಬೇಕಿತ್ತು. ಹತ್ತಲಿಲ್ಲ. ಅದ್ಯಾಕೆ ಅಂತ ನನಗೆ ತಲೆ ಕೆಟ್ಟುಹೋಗಿದೆ."

ಭಾವ ಪ್ಯಾಂಟು ಕೊಡವಿಕೊಳ್ಳುತ್ತ ಮತ್ತೆ ನಕ್ಕ. "ಯಾಕೆ ಹತ್ತುತ್ತೆ? ಅದನ್ನ ಭಾನುವಾರಾನೇ ನಾನು ಸರಿಮಾಡಿದೀನಲ್ಲ!"

ಸೂಜಿಯಕ್ಕನ ದನಿ ಒಮ್ಮೆಲೇ ಮೆತ್ತಗಾಯಿತು. ಯಾವ ಕೈಯಲ್ಲಿ ನರ ಸಿಗುತ್ತೆ ಎಂದು ರೋಗಿಯನ್ನು ಕೇಳುವ ದನಿ. ಆಮೇಲೆ ಚುಚ್ಚುವುದೇ. "ಏನು ಸರಿಮಾಡಿದ್ರಿ ಭಾವ?"

"ಹೆದ್ದಾರಿಗೆ ತಿರುಗೋ ಹೊತ್ತಿಗೆ ಹತ್ಕೊಂಡ್ತು, ಹಾಳು ದೀಪ. ಇಳಿದು ನಾಲ್ಕೂ ಚಕ್ರಕ್ಕೆ ಒದ್ದು ನೋಡ್ದೆ, ಗಟ್ಟಿಯಾಗೇ ಇದ್ವು. ಸ್ಟೀರಿಂಗ್ ಕೆಳಗೆ ಗುಂಡಿ ಇದೆಯಲ್ಲ? ಒತ್ತಿ ಹಿಡ್ಕೊಂಡೆ. ಮಿಣ ಮಿಣ ಅಂತು, ಆರಿಹೋಯ್ತು. ಮೆಕ್ಯಾನಿಕ್ ಆಗಿದ್ರೆ ಅರ್ಧ ದಿನ ಕೂರಿಸ್ತಿದ್ದ."

"ಗಾಳಿ ಹಾಕಿಸಿದ್ರಾ?"

"ದೀಪಾನೇ ಆರಿದ ಮೇಲೆ ಗಾಳಿ ಯಾಕಮ್ಮ?"

ಸೂಜಿಯಕ್ಕನ ಉಗುರಿನ ತುದಿಯಿಂದ ನೆತ್ತಿಯವರೆಗೆ ಬೆಂಕಿ ಏರಿತು.

"ನಮ್ಮ ಕಾರಿನ ಚಕ್ರದೊಳಗೆ ಗಾಳಿ ಅಳೆಯೋ ಯಂತ್ರ ಇಲ್ಲ ಭಾವ! ಕೆಲವು ಕಾರಲ್ಲಿ ಇರುತ್ತೆ, ನಮ್ಮದರಲ್ಲಿಲ್ಲ. ಇದು ಚಕ್ರದ ಸುತ್ತು ಎಣಿಸುತ್ತೆ, ಅಷ್ಟೇ. ಗಾಳಿ ಇಳಿದ ಚಕ್ರ ಚೂರು ಗಿಡ್ಡ ಆಗುತ್ತೆ. ದೊಡ್ಡೋರ ಜೊತೆ ನಡೆಯೋ ಮಗು ಎರಡು ಹೆಜ್ಜೆ ಜಾಸ್ತಿ ಹಾಕಲ್ವಾ, ಹಾಗೆ ಅದು ಉಳಿದವಕ್ಕಿಂತ ಜಾಸ್ತಿ ಸುತ್ತುತ್ತೆ. ಅದು ಕಂಡ್ರೆ ದೀಪ ಹಚ್ಚುತ್ತೆ. ಆ ಗುಂಡಿ ಇರೋದು ಆರಿಸೋಕಲ್ಲ. ಗಾಳಿ ಸರಿಮಾಡಿದೀನಿ, ಈಗ ಹೇಗಿದೆಯೋ ಅದೇ ಸರಿ, ಇದನ್ನೇ ನೆನಪಿಟ್ಕೋ ಅಂತ ಕಾರಿಗೆ ಮಾತು ಕೊಡೋಕೆ. ಮೊದಲು ಗಾಳಿ, ಆಮೇಲೆ ಗುಂಡಿ. ನೀವು ಸುಳ್ಳು ಮಾತು ಕೊಟ್ರಿ. ಅದು ಪಾಪ, ನಂಬ್ತು. ಮೆತ್ತಗಿದ್ದದ್ದೇ ಸರಿ ಅಂತ ಕಲ್ತ್ಕೊಂಡ್ತು. ಅಲ್ಲಿಂದ ಇನ್ನೂ ಎಷ್ಟೋ ಇಳಿದ್ಮೇಲೇ ಮತ್ತೆ ಕೂಗ್ತಿತ್ತು. ಕೂಗೋ ಮುಂಚೆ ಸಿಡೀತು."

ಭಾವನ ಕಾಲು ಕೆಳಗಿಳಿಯಿತು. ಬಾಯಿ ಮಾತ್ರ ಇಳಿಯಲಿಲ್ಲ. "ಹಾಗಾದ್ರೆ ಕಾರು ಮಾಡಿದೋರ ತಪ್ಪು! ಸುತ್ತು ಎಣಿಸೋದಂತೆ. ನಾಲ್ಕೂ ಚಕ್ರ ಒಟ್ಟಿಗೆ ಇಳಿದ್ರೆ ಏನು ಮಾಡುತ್ತಂತೆ?"

"ಅದಕ್ಕೆ ಗೊತ್ತಾಗಲ್ಲ. ಎರಡೂ ಚಪ್ಪಲಿ ಒಟ್ಟಿಗೆ ಸವೆದ್ರೆ ನಡಿಗೆ ಕುಂಟುತ್ತಾ?"

"ನೋಡಿದ್ಯಾ! ಅಂಥಾ ದೀಪ ಇದ್ರೆಷ್ಟು, ಬಿಟ್ರೆಷ್ಟು?"

"ಅರೆಗುರುಡು ನಾಯಿನೇ ಇರಬಹುದು, ಅವತ್ತು ಬೊಗಳ್ತು ತಾನೇ? ನೀವು ಅದರ ಬಾಯಿ ಕಟ್ಟಿ, ಕಳ್ಳನೇ ಬಂದಿಲ್ಲ ಅಂತ ಮಲಗಿದ್ರಿ."

"ಸೋಮವಾರದಿಂದ ಓಡಿಸ್ತಿರೋಳು ನೀನು," ಭಾವ ಎದ್ದೇ ನಿಂತ. "ನಿನಗೆ ಕಣ್ಣಿರಲಿಲ್ವಾ?"

ಆ ಮಾತು ನಾಟಿತು. ಹಳೆಯ ಕಾರಿದ್ದಾಗ ಅವಳು ವಾರಕ್ಕೊಮ್ಮೆ ತಪ್ಪದೆ ಗಾಳಿ ಅಳೆಯುವ ಗೇಜು ಹಿಡಿದು ನಾಲ್ಕೂ ಚಕ್ರದ ಮುಂದೆ ಮಂಡಿಯೂರುತ್ತಿದ್ದಳು. ಈ ಕಾರು ಬಂದಾಗಿನಿಂದ ದೀಪ ಇದೆಯಲ್ಲ ಎಂದು ಗೇಜನ್ನು ಡಿಕ್ಕಿಯ ಮೂಲೆಗೆ ಎಸೆದಿದ್ದಳು. ಭಾವನ ಮೇಲಿದ್ದ ಸಿಟ್ಟಿನಲ್ಲಿ ಒಂದು ಪಾಲು ಅವಳ ಎದೆಗೇ ತಿರುಗಿ ಬಡಿಯಿತು.

"ನೋಡ್ಲಿಲ್ಲ," ಅಂದಳು. "ದೀಪಾನ ನಂಬಿ ಕೂತೆ. ಅಷ್ಟು ನನ್ನ ತಪ್ಪು, ನಾನು ಹೊರ್ತೀನಿ. ನಿಮ್ಮದನ್ನ ಯಾರು ಹೊರ್ತಾರೆ? ಅದನ್ನೂ ನನ್ನ ತಲೆಗೇ ಕಟ್ಟಿ, ಮೇಲೆ ನನ್ನ ಅನ್ನಾನೂ ಕಿತ್ಕೊಳ್ಳೋದಾ?"

"ಅಮ್ಮ, ಇವಳ ನಾಲಿಗೆ ನೋಡು!"

ಅತ್ತೆ ಅಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡಿದ್ದಳು. ಈಗ ಕಣ್ಣು ಬಿಟ್ಟಳು.

"ಭಾನುವಾರ ಕಾರಲ್ಲಿ ನಾನೂ ಇದ್ದೆ ಕಣೋ."

"ಈಗ ಅದ್ಯಾಕಮ್ಮ?"

"ಏನೋ ಅದು ದೀಪ ಅಂತ ಕೇಳ್ದೆ. ಏನಂದೆ ನೀನು?"

ಭಾವ ಸೂರು ನೋಡಿದ.

"ನೀನು ಸುಮ್ನೆ ಕೂತ್ಕೋಮ್ಮ, ನಿನಗೇನು ಗೊತ್ತಾಗುತ್ತೆ ಅಂದೆ. ಕೂತೆ. ಬೆಳಗ್ಗೆ ಇವಳ ಪಕ್ಕ ಕೂತಾಗ ನಾಲಿಗೆ ತುದಿಗೆ ಬಂದಿತ್ತು. ದೊಡ್ಡೋನು ಸರಿಮಾಡಿದಾನಲ್ಲ, ನಂದ್ಯಾಕೆ ಚಾಡಿ ಅಂತ ನುಂಗ್ಕೊಂಡೆ. ನುಂಗಿದ್ದಕ್ಕೆ ಸಿಕ್ಕಿದ್ದು ಇದು." ಅತ್ತೆ ಪ್ಲಾಸ್ಟರಿನ ಕೈ ಎತ್ತಿ ಹಿರಿಮಗನ ಮೂಗಿನ ನೇರಕ್ಕೆ ಹಿಡಿದಳು. "ಆ ಕೀ ಕೊಡೋ ಅವಳಿಗೆ."

ಭಾವ ಜೇಬಿನಿಂದ ಕೀ ತೆಗೆದು ಟೀಪಾಯಿಯ ಮೇಲೆ ಎಸೆದ. ಅದು ಜಾರಿ ಟೈರಿನ ಪುಡಿಯಲ್ಲಿ ಬಿತ್ತು.

ಸೂಜಿಯಕ್ಕ ಬಗ್ಗಲಿಲ್ಲ. "ಕೈಗೆ ಕೊಡಿ."

ಆಗ ಬಾಗಿಲ ಬಳಿಯಿಂದ, ಆ ಮನೆಯಲ್ಲಿ ಯಾರೂ ಕೇಳಿರದ ಗಡಸು ದನಿಯಲ್ಲಿ ಗಂಡ ಅಂದ: "ಎತ್ತಿ ಕೈಗೆ ಕೊಡು ಅಣ್ಣ."

ಭಾವ ಬಗ್ಗಿದ. ಬೆರಳಿಗೆ ಮಸಿ ಮೆತ್ತಿಕೊಂಡು ಕೀ ಕೈಗೆ ಕೊಟ್ಟ. "ಭಾನುವಾರ ನನಗೆ ಕಾರು ಬೇಕು," ಎಂದು ಗೊಣಗಿದ.

"ಬಸ್ಸಿದೆ," ಅಂದಳು ಸೂಜಿಯಕ್ಕ.

ಭಾವ ಮೆಟ್ಟಿಲು ತುಳಿಯುತ್ತ ಮಹಡಿಗೆ ಹೋದ. ಅಷ್ಟರಲ್ಲಿ ಒಲೆಯ ಮೇಲೆ ಮರೆತಿದ್ದ ಹಾಲು ತಳ ಹತ್ತಿ ಅಡುಗೆಮನೆ ತುಂಬ ಹೊಗೆ. ಗಂಡ ಓಡಿಹೋಗಿ ಒಲೆ ಆರಿಸಿದ. ಕೆಮ್ಮುತ್ತ ಹೊರಗೆ ಬಂದವನು ಹೆಂಡತಿಯ ಮುಖ ನೋಡಿದ, ಗೋಡೆ ಗಡಿಯಾರ ನೋಡಿದ. ಗಡಿಯಾರ ಇಳಿಸಿ, ಬ್ಯಾಟರಿ ಕಿತ್ತು, ಸ್ಟೂಲು ಹತ್ತಿ ಅಲಾರಮ್ಮಿಗೆ ಹಾಕಿದ. ಹಾಕಿದ್ದೇ ತಡ, ಅದು ವರ್ಷಗಳ ಬಾಕಿ ತೀರಿಸುವಂತೆ ಕಿರುಚಿಕೊಂಡಿತು.

ಸೂಜಿಯಕ್ಕ ಹೊರಗೆ ಡಿಕ್ಕಿಯಿಂದ ಗೇಜು ಹುಡುಕಿ ತೆಗೆದು ಉಳಿದ ಚಕ್ರಗಳ ಮುಂದೆ ಒಂದೊಂದಾಗಿ ಮಂಡಿಯೂರಿದಳು. ಅವೂ ಇಳಿದಿದ್ದವು, ಎಲ್ಲವೂ ಒಂದೇ ಸಮ. ಯಾವ ದೀಪವೂ ಹೇಳದ ಸಂಗತಿ. ಅವಳು ಹಲ್ಲು ಕಡಿದು ಪಂಪಿನ ಕೊಳವೆ ಎಳೆದಳು.

"ಯಾರಾದ್ರೂ ಆ ಅಲಾರಂ ಬಾಯಿ ಮುಚ್ಚಿಸ್ರೋ!" ಮಹಡಿಯಿಂದ ಭಾವ ಅರಚಿದ.

"ಬಡ್ಕೊಳ್ಳಲಿ ಬಿಡೋ!" ಕುರ್ಚಿಯಿಂದಲೇ ಅತ್ತೆ ಅದಕ್ಕಿಂತ ಜೋರಾಗಿ ಅರಚಿದಳು.