ಬರ್ಲಿಲ್ಲ, ಇನ್ನೊಂದ್ಸಲ ಒತ್ತಿ!

ನಮ್ಮೂರಲ್ಲಿ ರೇಷನ್ ತರುವುದೆಂದರೆ ಹೆಬ್ಬೆಟ್ಟಿನ ಜೊತೆ ಜಗಳ. ಕಳೆ ಕಿತ್ತು, ಹುಣಸೆಹಣ್ಣು ಜಜ್ಜಿ, ಪಾತ್ರೆ ತಿಕ್ಕಿ ನಮ್ಮ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಮಿಷನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ. "ಬರ್ಲಿಲ್ಲ, ಇನ್ನೊಂದ್ಸಲ ಒತ್ತಮ್ಮ" ಅನ್ನುತ್ತಾರೆ. ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತೇವೆ. ಈ ಅಭ್ಯಾಸವನ್ನೇ ಒಬ್ಬ ಕಳ್ಳ ಬಂಡವಾಳ ಮಾಡಿಕೊಂಡ. ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಗಂಗಲಕ್ಷ್ಮಮ್ಮ. ತ್ಯಾಮಗೊಂಡ್ಲು ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನೂ ರುಕ್ಮಿಣಮ್ಮನೂ ಬಿಸಿಯೂಟದ ಅಡುಗೆ ಮಾಡುತ್ತೇವೆ. ಹೋದ ತಿಂಗಳು ಒಂದು ಸೋಮವಾರ, ಸಾಂಬಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಇಬ್ಬರು ಪೊಲೀಸರು ಬಂದರು.

"ರುಕ್ಮಿಣಮ್ಮ ಅಂದ್ರೆ ಯಾರು? ನಿಮ್ಮ ಹೆಸರಲ್ಲಿರೋ ನಂಬರಿಂದ ಆನ್‌ಲೈನ್ ಗೇಮ್ ಆಡ್ಸಿ ಜನಕ್ಕೆ ಮೋಸ ಮಾಡವ್ರೆ. ಸ್ಟೇಷನ್ನಿಗೆ ಬಂದು ಹೇಳಿಕೆ ಕೊಡ್ಬೇಕು."

"ಗೇಮಾ? ಅಯ್ಯೋ ಸ್ವಾಮಿ, ನಾನು ಆಡಿರೋದು ಅಳಿಗುಳಿ ಮಣೆ ಒಂದೇ!"

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವಳು ಸೌಟನ್ನು ನನ್ನ ಕೈಗಿಟ್ಟು ಪೊಲೀಸರ ಹಿಂದೆ ನಡೆದಳು. ಸಂಜೆಗೆ ಶಾಲೆಯವರು, ಇದು ಇತ್ಯರ್ಥ ಆಗುವತನಕ ಕೆಲಸಕ್ಕೆ ಬರಬೇಡ ಅಂದರು. ಹನ್ನೆರಡು ವರ್ಷ ಊರ ಮಕ್ಕಳಿಗೆ ಅನ್ನ ಬಡಿಸಿದವಳನ್ನು ಕಳ್ಳಿ ಮಾಡಿ ಕೂರಿಸಿದರು!

ಹೊರಗಿನವರು ಹೋಗಲಿ, ಕಟ್ಟಿಕೊಂಡ ಗಂಡನೂ ನಂಬಲಿಲ್ಲ. ದೊಡ್ಡಮುನಿಯಪ್ಪ ಜಗಲಿ ಮೇಲೆ ಕೂತು, "ಬೆಂಕಿ ಇಲ್ದೆ ಹೊಗೆ ಆಡ್ತದಾ? ಸುಮ್‌ಸುಮ್ನೆ ಪೊಲೀಸ್ನೋರು ಬರ್ತಾರಾ?" ಅಂದ.

"ಬಾಯ್ಮುಚ್ಚಣ್ಣ, ಹೆಂಡ್ತಿ ಅಳ್ತಾವ್ಳೆ, ನಿಂದೊಂದು ಗಾದೆ!" ಅಂದು, ಇಬ್ಬರನ್ನೂ ಪಂಚಾಯ್ತಿ ಲೈಬ್ರರಿಗೆ ಕರೆದುಕೊಂಡು ಹೋದೆ. ಅಲ್ಲಿ ಪುಸ್ತಕ ನೋಡಿಕೊಳ್ಳುವ ಸಿಂಧು ಇಂಥದ್ದನ್ನೆಲ್ಲ ತಿಳಿದುಕೊಂಡವಳು. ಎಲ್ಲ ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು.

"ರುಕ್ಮಿಣಕ್ಕ, ಸಂತೇಲಿ ಕೊಡೆ ಹಾಕ್ಕೊಂಡು ಸಿಮ್ ಮಾರ್ತಿದ್ನಲ್ಲ, ಪ್ಲಾಸ್ಟಿಕ್ ಬುಟ್ಟಿ ಫ್ರೀ ಅಂತ, ಅವನತ್ರ ಎಷ್ಟ್ ಸಲ ಹೆಬ್ಬೆಟ್ಟು ಒತ್ತಿದ್ರಿ?"

"ಮೂರ್ ಸಲ ಕಣಮ್ಮ. ಬರ್ಲಿಲ್ಲ, ಬರ್ಲಿಲ್ಲ ಅಂದ. ನನ್ ಬೆರಳೇ ಸರಿಯಿಲ್ಲ, ಬೇಜಾರ್ ಮಾಡ್ಕೋಬ್ಯಾಡಪ್ಪ ಅಂತ ನಾನೇ ಅವನಿಗೆ ಹೇಳ್ದೆ."

ಕೇಳಿದಿರಾ? ದೋಚುವವನಿಗೆ ಸಮಾಧಾನ ಬೇರೆ ಹೇಳಿದ್ದಾಳೆ ಪಾಪ! "ಒಂದೊಂದ್ ಸಲ ಒತ್ತಿದ್ದಕ್ಕೂ ಒಂದೊಂದು ಸಿಮ್ ತೆಗ್ದಿರ್ತಾನೆ" ಅಂದಳು ಸಿಂಧು. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್ ತೆರೆದು ರುಕ್ಮಿಣಮ್ಮನ ನಂಬರ್ ಹಾಕಿಸಿದಳು. ಅವಳ ಹೆಸರಲ್ಲಿ ಮೂರು ನಂಬರ್ ಬಂದವು. ಒಂದು ಅವಳದು, ಇನ್ನೆರಡು ಯಾರ ಕೈಯಲ್ಲಿವೆಯೋ ದೇವರೇ ಬಲ್ಲ.

"ಇವ್ಳೇ ತಗೊಂಡು ಮರ್ತಿರ್ಬೇಕು" ಅಂದ ದೊಡ್ಡಮುನಿಯಪ್ಪ.

"ಹಂಗಾದ್ರೆ ನಿಮ್ದೂ ನೋಡೇಬಿಡಾಣ ಮಾಮ. ಫೋನಿಗೆ ಬಂದ ಓಟಿಪಿ ನಂಗೂ ಹೇಳ್ಬೇಡಿ, ನೀವೇ ಒತ್ತಿ" ಅಂದಳು ಸಿಂಧು.

ಅವನು ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿ ಒತ್ತಿದ. ಅವನ ಹೆಸರಲ್ಲಿ ನಾಲ್ಕು ನಂಬರ್! ಅವನಿಗಿರುವುದು ಒಂದೇ ಫೋನು, ಅದಕ್ಕಿರುವುದು ಒಂದೇ ಸಿಮ್ಮು.

"ಏನಣ್ಣ, ಈಗ ನಿನ್ ತಲೆ ಮೇಲೂ ಹೊಗೆ ಆಡ್ತೈತಲ್ಲ!" ಅಂದೆ. ಅವನು ಟವೆಲ್ಲು ಕೊಡವಿ ಎದ್ದ. "ಆ ನನ್ಮಗ ನನ್ ಹತ್ರಾನೂ ಇನ್ನೊಂದ್ಸಲ ಒತ್ತಿ ಅಂದ್ನಲ್ಲ! ತಪ್ಪಾಯ್ತು ಕಣೇ ರುಕ್ಮಿಣಿ" ಅಂದ.

ತಮ್ಮದಲ್ಲದ ನಂಬರುಗಳಿಗೆಲ್ಲ 'ನನ್ನದಲ್ಲ' ಎಂದು ಅಲ್ಲೇ ಗುರುತು ಹಾಕಿದರು. ಆ ಪುಟ ಪ್ರಿಂಟ್ ಮಾಡಿಸಿಕೊಂಡು ಗಂಡನೇ ಮುಂದೆ ನಡೆದ, ಸ್ಟೇಷನ್ನಿನಲ್ಲಿ ದೂರು ಕೊಟ್ಟು ರಸೀದಿ ತಂದ. ವಿಚಾರಣೆ ಮುಗಿದು ಇವಳ ತಪ್ಪೇನಿಲ್ಲ ಎಂದು ಗೊತ್ತಾದ ಮೇಲೆ ಶಾಲೆಯವರೇ ಮನೆಗೆ ಬಂದು ಕರೆದರು. ರುಕ್ಮಿಣಮ್ಮ ಮತ್ತೆ ಸೌಟು ಹಿಡಿದಳು.

ಮೊನ್ನೆ ರೇಷನ್ ಅಂಗಡಿಯಲ್ಲಿ "ಬರ್ಲಿಲ್ಲ, ಇನ್ನೊಂದ್ಸಲ" ಅನ್ನುವುದು ಕೇಳಿಸಿತು. ರುಕ್ಮಿಣಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು. "ಬರ್ಲಿಲ್ವಾ? ಎಲ್ಲಿ, ಮಿಷನ್ ಈ ಕಡೆ ತಿರುಗ್ಸಪ್ಪ. ಗಂಗಕ್ಕ, ಏನ್ ಬರ್ದೈತೆ ಓದು" ಅಂದಳು. ಅಂಗಡಿಯವನು ಬೇಜಾರು ಮಾಡಿಕೊಳ್ಳದೆ ತೋರಿಸಿದ. ನಿಜವಾಗಿಯೂ ಬಂದಿರಲಿಲ್ಲ, ಆಮೇಲೆ ಒತ್ತಿದಳು. ಅವಳ ಹಿಂದೆ ನಿಂತಿದ್ದ ಪಾಪಮ್ಮಜ್ಜಿಯೂ "ನಂಗೂ ತೋರ್ಸು" ಅಂದಳು.

ಓದು ಬಾರದವರನ್ನು 'ಹೆಬ್ಬೆಟ್ಟು' ಎಂದು ಹಂಗಿಸುತ್ತಾರಲ್ಲ, ಕದಿಯುವುದಕ್ಕೆ ಮಾತ್ರ ಅದೇ ಹೆಬ್ಬೆಟ್ಟು ಬೇಕು! ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೆಬ್ಬೆಟ್ಟು ನಿಮ್ಮ ಸಹಿ. ಬೀದಿಬದಿಯಲ್ಲಿ ಬುಟ್ಟಿಯ ಆಸೆಗೆ ಅದನ್ನು ಕೊಡಬೇಡಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ಇವತ್ತೇ ಸಂಚಾರ್ ಸಾಥಿಯಲ್ಲಿ ನೋಡಿ, ಗೊತ್ತಾಗದಿದ್ದರೆ ನಂಬಿಕಸ್ಥರನ್ನು ಕೇಳಿ. ಯಾರಾದರೂ ಇನ್ನೊಂದು ಸಲ ಒತ್ತಿ ಅಂದರೆ, ಮೊದಲು ಮುಷ್ಟಿ ಕಟ್ಟಿ, "ಯಾಕೆ? ತೋರ್ಸು" ಅನ್ನಿ.